ಕಡಲ್ಕೊರೆತ: ನಮ್ಮ ಊರಿಗೆ ಕಲ್ಲು ಹಾಕ್ಲಿಕ್ಕೆ ಬರ್ತಾರಂತೆ, ಒಪ್ಪುದಾ ಬೇಡ್ವಾ?

ಕಡಲಬದಿ_ಉದ್ಯಾವರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಉದ್ಯಾವರ ಪಡುಕೆರೆ ಬದಿಯಲ್ಲಿ. ಗೊತ್ತಿಲ್ಲದವರಿಗೆ ಹೇಳುದಾದ್ರೆ ಮಲ್ಪೆಯಿಂದ ತೆಂಕಕ್ಕೆ ಮಟ್ಟುವಿನವರೆಗೆ ಒಂದು ಸಪೂರ ಪಟ್ಟಿ ಉಂಟು, ಪಡುವಿಗೆ ಕಡಲು, ಮೂಡಿಗೆ ಪಾಪನಾಶಿನಿ ಹೊಳೆ, ನಡುವಲ್ಲಿ ಒಂದು ರಸ್ತೆ, ತೆಂಗಿನ ತೋಟ, ಮನೆಗಳು, ಭಜನಾ ಮಂದಿರ. ಹಿಂದೆ ಸರಿಯುವ ಅಂದ್ರೆ ಹೊಳೆಗೇ ಇಳಿಬೇಕು, ಅಷ್ಟೇ ಜಾಗ.

ನಾನು ಸಣ್ಣ ಇರುವಾಗ ಮನೆ ಎದುರು ಗಾಳಿಮರದ ಸಾಲು, ಅದರಾಚೆ ಹೊಯ್ಗೆಯ (ಮರಳಿನ) ದಿಣ್ಣೆ, ಅದರಾಚೆ ದೋಣಿ ಎಳೆದಿಡುವ ಜಾಗ, ಆಮೇಲೆ ಕಡಲು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂತಲ್ಲ, ಆಗ ದಿಣ್ಣೆ ಕಡಿದು ಗಾಳಿಮರದ ಬೇರೆಲ್ಲ ಹೊರಗೆ ಕಾಣ್ಲಿಕ್ಕೆ ಶುರುವಾದದ್ದು, ಆಮೇಲೆ ಪ್ರತಿ ಮಳೆಗಾಲ ಸ್ವಲ್ಪ ಸ್ವಲ್ಪ ಹೋಗ್ತಾ ಈಗ ತೆಂಗಿನ ಮರಗಳ ಬುಡಕ್ಕೆ ಬಂದು ನಿಂತಿದೆ. ಜುಲೈಯಲ್ಲಿ ತೆರೆ ಜೋರಾದ್ರೆ ರಾತ್ರಿ ಅಮ್ಮ ಮಲಗುದಿಲ್ಲ, ಬಾಗಿಲ ಹತ್ರ ಕೂತೇ ಇರ್ತಾರೆ. ಒಮ್ಮೆ ಉಪ್ಪುನೀರು ರಸ್ತೆ ದಾಟಿದ್ರೆ ಬಾವಿ ಕೂಡ ಆ ವರ್ಷಕ್ಕೆ ಮುಗೀತು, ಮಟ್ಟುಗುಳ್ಳ ಬದನೆ ಬೆಳೆಯುವ ಗದ್ದೆಯವರಿಗೂ ಅದೇ ಹೆದರಿಕೆ.

ಈಗ ನಮ್ಮ ಎದುರಿನ ತುಂಡಿಗೆ ತಡೆಗೋಡೆಯ ಕಲ್ಲು ಮಂಜೂರಾಗ್ತದೆ ಅಂತ ಸುದ್ದಿ. ಊರಿನಲ್ಲಿ ಎರಡು ಅಭಿಪ್ರಾಯ. ಮನೆ ಎದುರು ಇರುವವರು ಮೊದಲು ಕಲ್ಲು ಬೀಳ್ಲಿ ಉಳಿದದ್ದು ಆಮೇಲೆ ಅಂತಾರೆ, ಕೈರಂಪಣಿಯವರು (ದಡದಲ್ಲಿ ನಿಂತು ಬಲೆ ಎಳೆದು ಮೀನು ಹಿಡಿಯುವವರು) ಕಲ್ಲು ಬಿದ್ರೆ ಬಲೆ ಎಳೆಯುದು ಎಲ್ಲಿ, ದೋಣಿ ಹತ್ತಿಸುದು ಎಲ್ಲಿ ಅಂತ ಕೇಳ್ತಾರೆ, ಎರಡೂ ಕಡೆ ನನ್ನ ಸಂಬಂಧಿಕರೇ ಇದ್ದಾರೆ, ಎರಡು ಮಾತೂ ಸರಿ ಅಂತಲೇ ನನಗೆ ಕಾಣ್ತದೆ. ಗ್ರಾಮಸಭೆ ಹತ್ರ ಬಂತು. ಕಲ್ಲು ಹಾಕಿದ ಬೇರೆ ಊರಿನಲ್ಲಿ ನಿಜವಾಗಿ ಎಂತ ಆಗಿದೆ? ಕಲ್ಲು ಬಿಟ್ಟು ಬೇರೆ ದಾರಿ ಉಂಟಾ? ಸಭೆಯಲ್ಲಿ ನಾವು ಎಂತ ಕೇಳ್ಬೇಕು? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಸುರತ್ಕಲ್_ಸಿವಿಲ್

ನಾನು ಮೂಲತಃ ಮಲೆನಾಡಿನವನು, ಸುರತ್ಕಲ್‌ನಲ್ಲಿ ಓದುವಾಗ ಕಡಲ ಕಟ್ಟೋಣಗಳ ವಿಷಯ ತಗೊಂಡಿದ್ದೆ, ಈಗಲೂ ಅದೇ ಕೆಲಸದಲ್ಲಿದೀನಿ. ಸ್ವಲ್ಪ ಉದ್ದ ಬರೀತೀನಿ.

ಮೊದಲು ಒಂದು ವಿಷಯ ಬೇರೆ ಮಾಡ್ಕೋಬೇಕು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ದೊಡ್ಡ ಅಲೆ ಬಂದು ದಡದ ಮರಳನ್ನ ಎಳ್ಕೊಂಡು ಹೋಗುತ್ತೆ, ಆದ್ರೆ ಬಹುಪಾಲು ಮರಳು ದೂರ ಹೋಗಲ್ಲ, ಸ್ವಲ್ಪ ಆಳದಲ್ಲಿ ನೀರೊಳಗೇ ದಿಬ್ಬ ಆಗಿ ಕೂತಿರುತ್ತೆ. ಮಳೆಗಾಲದಲ್ಲಿ ದೊಡ್ಡ ಅಲೆಗಳು ದಡಕ್ಕೆ ಬರೋ ಮೊದಲೇ ಒಡೆಯೋದು ಆ ದಿಬ್ಬದ ಮೇಲೇನೇ. ಮಳೆ ಮುಗಿದು ಸಣ್ಣ ಅಲೆ ಶುರುವಾದ ಮೇಲೆ ಅಕ್ಟೋಬರ್‌ನಿಂದ ಮೇ ಒಳಗೆ ಅದೇ ಮರಳು ವಾಪಸ್ ದಡಕ್ಕೆ ಹತ್ತುತ್ತೆ. ಹಾಗಾಗಿ ಜುಲೈಯಲ್ಲಿ ತೆಗೆದ ಫೋಟೋ ನೋಡಿ ಊರು ಹೋಯ್ತು ಅಂತ ನಿರ್ಧಾರ ಮಾಡೋಕಾಗಲ್ಲ, ಮಾರ್ಚ್ ಫೋಟೋ ನೋಡ್ಬೇಕು. ಈ ವರ್ಷದ ಮಾರ್ಚ್ ಅಂಚು ಹೋದ ವರ್ಷದ ಮಾರ್ಚ್ ಅಂಚಿಗಿಂತ ಹಿಂದೆ, ಅದು ಅದರ ಹಿಂದಿನ ವರ್ಷಕ್ಕಿಂತ ಹಿಂದೆ, ಹೀಗೆ ಆಗ್ತಾ ಇದ್ರೆ ಅದು ನಿಜವಾದ ಕೊರೆತ. ಗೂಗಲ್ ಅರ್ಥ್‌ನಲ್ಲಿ ಹಳೇ ಚಿತ್ರಗಳು ಸಿಗ್ತವೆ, ಒಂದೇ ತಿಂಗಳಿನದ್ದನ್ನ ಮಾತ್ರ ಹೋಲಿಸಿ.

ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದವರು 1990ರಿಂದ 2018ರ ತನಕದ ಉಪಗ್ರಹ ಚಿತ್ರ ಇಟ್ಕೊಂಡು ಇಡೀ ದೇಶದ ದಡ ಅಳೆದಿದಾರೆ. ದೇಶದಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ಕೊರೀತಾ ಇದೆ, ಕರ್ನಾಟಕದಲ್ಲಿ ಕಾಲು ಭಾಗಕ್ಕೆ ಹತ್ತಿರ, ಸುಮಾರು ಅರ್ಧ ದಡ ಅಲುಗಾಡಿಲ್ಲ, ಉಳಿದ ಕಡೆ ಮರಳು ಸೇರ್ತಾನೇ ಇದೆ. ಅಂದ್ರೆ ನಮ್ಮ ದಡ ಎಲ್ಲಾ ಕಡೆ ಸಮನಾಗಿ ಹೋಗ್ತಿಲ್ಲ, ಕೆಲವೇ ತುಂಡುಗಳಲ್ಲಿ ಜೋರಾಗಿ ಹೋಗ್ತಿದೆ. ಆ ತುಂಡುಗಳನ್ನ ನಕ್ಷೆಯಲ್ಲಿ ನೋಡಿದ್ರೆ ತುಂಬಾ ಕಡೆ ಪಕ್ಕದಲ್ಲೇ ಒಂದು ಅಳಿವೆ (ಹೊಳೆ ಕಡಲಿಗೆ ಸೇರೋ ಬಾಯಿ), ಒಂದು ಬಂದರು, ಇಲ್ಲ ಒಂದು ಕಲ್ಲಿನ ಗೋಡೆ ಮುಗಿಯೋ ಜಾಗ ಇರುತ್ತೆ. ಸಮುದ್ರ ಮಟ್ಟ ಏರ್ತಿರೋದು, ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಜಾಸ್ತಿ ಆಗ್ತಿರೋದು ಎಲ್ಲಾ ನಿಜ, ಆದ್ರೆ ಒಂದೇ ಊರಲ್ಲಿ ಒಂದು ಮನೆ ಎದುರು ಹೋಗಿ ಇನ್ನೊಂದು ಕಡೆ ಉಳಿಯೋಕೆ ಕಾರಣ ಬೇರೆ.

ಈಗ ಕಲ್ಲಿನ ವಿಷಯ. ಅಲೆ ಬಂದು ಮರಳಿನ ಇಳಿಜಾರು ಹತ್ತಿದ್ರೆ ಅದರ ಬಲ ಹತ್ತುತ್ತಾ ಹತ್ತುತ್ತಾ ಕಳೆಯುತ್ತೆ. ಕಡಿದಾದ ಕಲ್ಲಿಗೆ ಹೊಡೆದ್ರೆ ಪೂರ್ತಿ ಕಳೆಯಲ್ಲ, ವಾಪಸ್ ತಿರುಗುತ್ತೆ, ತಿರುಗುವಾಗ ಗೋಡೆಯ ಪಾದದ ಮರಳನ್ನ ಕೆದಕಿ ಒಯ್ಯುತ್ತೆ. ಒಂದೆರಡು ಮಳೆಗಾಲದಲ್ಲಿ ಗೋಡೆ ಎದುರಿನ ಬೀಚ್ ಹೋಗುತ್ತೆ, ನೀರು ಆಳ ಆಗುತ್ತೆ, ಆಳ ಆದ ಮೇಲೆ ಇನ್ನೂ ದೊಡ್ಡ ಅಲೆ ದಡದ ತನಕ ಬರುತ್ತೆ, ಕಲ್ಲು ಜಾರುತ್ತೆ, ಮತ್ತೆ ಕಲ್ಲು ಬೇಕು. ಗೋಡೆ ಹಿಂದಿನ ಜಾಗ ಸ್ವಲ್ಪ ಕಾಲ ಉಳಿಯುತ್ತೆ ಅನ್ನೋದು ಸುಳ್ಳಲ್ಲ, ಆದ್ರೆ ಬೀಚ್ ಉಳಿಯಲ್ಲ. ಎರಡನೇದು, ಗೋಡೆ ಎಲ್ಲಿ ಮುಗಿಯುತ್ತೋ ಅಲ್ಲಿಂದ ಮುಂದಿನ ಮನೆಯವರಿಗೆ ಕೊರೆತ ಜೋರಾಗುತ್ತೆ. ದಿಣ್ಣೆಯಲ್ಲಿದ್ದ ಮರಳು ಗೋಡೆ ಹಿಂದೆ ಸಿಕ್ಕಿಹಾಕ್ಕೊಂಡು ಪಕ್ಕದವರಿಗೆ ಹೋಗಬೇಕಿದ್ದ ಪಾಲು ನಿಂತುಹೋಗುತ್ತೆ. ಒಂದು ತುಂಡಿಗೆ ಅಂತ ಮಂಜೂರಾದ ಕಲ್ಲು ಪಕ್ಕದ ತುಂಡಿಗೆ ತೊಂದರೆ ತಂದೇ ತರುತ್ತೆ, ಇದನ್ನ ಸಭೆಯಲ್ಲಿ ಮೊದಲೇ ಎಲ್ಲರಿಗೂ ಹೇಳಿ.

ಸೋಮೇಶ್ವರದಾಕೆ

ಸರ್ ಹೇಳಿದ್ದು ನೂರಕ್ಕೆ ನೂರು. ನಾವು ಅದನ್ನ ಓದಿ ತಿಳಿದದ್ದಲ್ಲ, ಕಣ್ಣಾರೆ ಕಂಡದ್ದು.

ಉಳ್ಳಾಲದಲ್ಲಿ ನೇತ್ರಾವತಿ, ಗುರುಪುರ ಹೊಳೆ ಎರಡೂ ಸೇರುವ ಅಳಿವೆಗೆ 90ರ ದಶಕದಲ್ಲಿ ಎರಡೂ ಬದಿಗೆ ಬ್ರೇಕ್ ವಾಟರ್ (ಅಲೆ ತಡೆಯುವ ಕಲ್ಲಿನ ಕಟ್ಟೆ) ಕಟ್ಟಿದ್ರು, ಮಂಗಳೂರಿನ ಹಳೇ ಬಂದರಿಗೆ ಬೋಟ್ ಬರ್ಲಿಕ್ಕೆ. ಅದು ಬೇಕಿತ್ತು, ಅಳಿವೆಯಲ್ಲಿ ಬೋಟ್ ಮಗುಚಿ ಸತ್ತವರ ಮನೆಗಳು ನಮ್ಮಲ್ಲಿ ಎಷ್ಟೋ ಉಂಟು, ಬ್ರೇಕ್ ವಾಟರ್ ಬೇಡ ಅಂತ ನಾನು ಹೇಳುದಿಲ್ಲ. ಆದ್ರೆ ಅದರ ನಂತರ ಉಳ್ಳಾಲ ಕೋಟೆಪುರ, ಮೊಗವೀರಪಟ್ಣ ಕಡೆ ಕಡಲು ಒಳಗೆ ಬಂದದ್ದು ಊರಿಗೇ ಗೊತ್ತು. ವರ್ಷ ವರ್ಷ ಲಾರಿಯಲ್ಲಿ ಕಲ್ಲು ತಂದು ಸುರಿಯುದು, ಮಳೆಗಾಲ ಮುಗಿಯುವಾಗ ಅದು ಹೊಯ್ಗೆಯೊಳಗೆ ಮುಳುಗಿ ಕಾಣೆ ಆಗುದು, ಮುಂದಿನ ವರ್ಷ ಪುನಃ ಸುರಿಯುದು. ಆಮೇಲೆ ಏಷ್ಯಾ ಅಭಿವೃದ್ಧಿ ಬ್ಯಾಂಕ್ ಸಾಲದಲ್ಲಿ, ಎಡಿಬಿ ಪ್ರಾಜೆಕ್ಟ್ ಅಂತಲೇ ಇಲ್ಲಿ ಹೇಳುದು, ದೊಡ್ಡ ಕೆಲಸ ಆಯ್ತು. 2010ರಲ್ಲಿ ಅದು ಒಪ್ಪಿಗೆ ಆದದ್ದು, ಕರ್ನಾಟಕ ಮತ್ತು ಮಹಾರಾಷ್ಟ್ರಕ್ಕೆ ಸೇರಿಸಿ. ಕಡಲ ಒಳಗೆ ನೀರಡಿಯಲ್ಲಿ ರೀಫ್ ಅಂದ್ರೆ ಅಲೆ ಒಡೆಯುವ ದಿಬ್ಬ, ದಡದ ಹತ್ರ ಬರ್ಮ್ ಅಂದ್ರೆ ಕಲ್ಲಿನ ದಿಂಡು, ಹಳೇ ಬ್ರೇಕ್ ವಾಟರ್ ರಿಪೇರಿ ಎಲ್ಲ ಸೇರಿ. ಉಳ್ಳಾಲದ ಎಷ್ಟೋ ಮನೆಯವರಿಗೆ ಅದರಿಂದ ನಿಜವಾಗಿ ಉಸಿರು ಬಂತು, ಅದನ್ನ ಹೇಳ್ಲೇಬೇಕು.

ಆದ್ರೆ ತೆಂಕಕ್ಕೆ ಬನ್ನಿ ಅಣ್ಣ. ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿ. ಬಟ್ಟಪ್ಪಾಡಿಯಲ್ಲಿ ರಸ್ತೆಯೇ ಕಡಲಿಗೆ ಹೋಯ್ತು, ತೌಕ್ತೆಯಲ್ಲೂ 2023ರ ಜೂನಲ್ಲಿ ಬಿಪರ್‌ಜಾಯ್ ಸಮಯದಲ್ಲೂ ಅಲ್ಲಿಯವರು ಸಾಮಾನು ಕಟ್ಟಿಕೊಂಡು ಕೂತಿದ್ದರು. ನನ್ನ ಅತ್ತೆ ಮನೆಯ ಅಂಗಳ ಹೋಯ್ತು, ಬಾವಿ ಹೋಯ್ತು, ಕಡೆಗೆ ಅಡಿಗೆಕೋಣೆಯ ಗೋಡೆ. ಈಗ ಅವರು ಬಾಡಿಗೆ ಮನೆಯಲ್ಲಿ. ಪಹಣಿಯಲ್ಲಿ ಜಾಗ ಇನ್ನೂ ಅವರ ಹೆಸರಲ್ಲೇ ಉಂಟು, ಆ ಜಾಗದಲ್ಲಿ ಈಗ ತೆರೆ ಒಡೀತದೆ. ಪಕ್ಕದ ಕೆಲವರದ್ದು ಪರಂಬೋಕು (ಸರಕಾರಿ) ಜಾಗ, ಹಕ್ಕುಪತ್ರವೇ ಇಲ್ಲ, ಅವರಿಗೆ ಪರಿಹಾರಕ್ಕೆ ಅರ್ಜಿ ಹಾಕ್ಲಿಕ್ಕೂ ಕಷ್ಟ ಆಯ್ತು.

ಅದಕ್ಕೆ ನಾನು ಹೇಳುದು, ನಿಮ್ಮ ತುಂಡು ಅಂತ ನೋಡ್ಬೇಡಿ. ಮಲ್ಪೆಯಿಂದ ಮಟ್ಟು, ಕಾಪು ತನಕ ಎಲ್ಲ ಊರಿನವರೂ ಒಟ್ಟಿಗೆ ಕೂತು ಒಂದೇ ಅರ್ಜಿ ಕೊಡಿ. ನಾವು ಆಗ ಬೇರೆ ಬೇರೆ ಕೇಳಿದ್ವು, ಬೇರೆ ಬೇರೆಯಾಗಿಯೇ ಕೊಟ್ರು.

ಮರವಂತೆ_ದೋಣಿ

ಹ್ವಾಯ್, ಎಲ್ಲರಿಗೂ ನಮಸ್ಕಾರ. ನಮ್ ಮರವಂತಿ ಬದಿಗೆ ಒಂದ್ಸಲ ಬನ್ನಿ ಕಾಣಿ. ಒಂದ್ ಬದಿ ಸೌಪರ್ಣಿಕಾ, ಒಂದ್ ಬದಿ ಕಡಲ್, ನಡು ಹೈವೇ 66, ಎಲ್ಲರೂ ಕಾರ್ ನಿಲ್ಸಿ ಫೋಟೋ ತೆಗೀತ್ರಲ್ಲ ಅದೇ ಜಾಗ. ಹೈವೇ ಉಳೀಕಾರೆ ಕಲ್ ಹಾಕ್ಲೇಬೇಕಿತ್, ಹಾಕಿರ್. ಆಮೇಲೆ ಕಡಲಿಗೆ ಅಡ್ಡ ಟಿ ಆಕಾರದಾಗೆ ಕಲ್ಲಿನ ಕಟ್ಟೆ ಕಟ್ಟಿರ್, ಎಡಿಬಿ ದುಡ್ಡಗೆ. ಎರಡು ಕಟ್ಟೆ ನಡು ಹೊಯ್ಗೆ ನಿಂತಿತ್, ಸುಳ್ ಹೇಳುದಿಲ್ಲ.

(ಎಲ್ಲರಿಗೂ ಅರ್ಥ ಆಗ್ಲಿ ಅಂತ ಮುಂದಿದ್ದು ಸಾದಾ ಕನ್ನಡದಲ್ಲೇ ಬರೀತೇನೆ.)

ನಾವು ನಾಡದೋಣಿಯವರು. ನಮಗೆ ಬೀಚ್ ಅಂದ್ರೆ ನೋಡ್ಲಿಕ್ಕೆ ಇರುವ ಜಾಗ ಅಲ್ಲ. ದೋಣಿ ಹತ್ತಿಸುದು ಅಲ್ಲಿ, ಬಲೆ ಒಣಗಿಸುದು, ಬಲೆ ಹೊಲಿಯುದು ಅಲ್ಲಿ, ಹೆಂಗಸರು ಮೀನು ಒಣಗಿಸುದು ಅಲ್ಲಿ. ಕಲ್ಲಿನ ಗೋಡೆ ಉದ್ದಕ್ಕೆ ಬಿದ್ದ ಊರಿನಲ್ಲಿ ದೋಣಿಯವರು ಎಂತ ಮಾಡ್ತಾರೆ ಗೊತ್ತುಂಟಾ, ದೋಣಿಯನ್ನ ಬೇರೆ ಊರಿನ ದಡದಲ್ಲಿ ಇಟ್ಟು ಬೆಳಿಗ್ಗೆ ಮೂರು ಗಂಟೆಗೆ ರಿಕ್ಷಾ ಮಾಡಿ ಅಲ್ಲಿಗೆ ಹೋಗುದು. ತೆರೆ ಜೋರಿದ್ದಾಗ ಕಲ್ಲಿನ ಹತ್ರ ದೋಣಿ ಬಂದ್ರೆ ದೋಣಿಯೂ ಹೋಯ್ತು ಜನರೂ ಹೋದ್ರು. ಕೈರಂಪಣಿ ಅಂತೂ ಕೇಳುದೇ ಬೇಡ, ಆ ಬಲೆಯನ್ನ ಎರಡೂ ತುದಿಯಲ್ಲಿ ಹಿಡಿದು ದಡಕ್ಕೆ ಎಳೆಯುವುದು, ದಡವೇ ಇಲ್ಲದಿದ್ರೆ ಆ ಕಸುಬೇ ಇಲ್ಲ. ಹತ್ತಿಪ್ಪತ್ತು ಮನೆ ಒಟ್ಟಿಗೆ ಪಾಲು ಮಾಡಿಕೊಂಡು ಬದುಕುವ ಕಸುಬು ಅದು, ಒಮ್ಮೆ ನಿಂತ್ರೆ ಪುನಃ ಶುರು ಆಗುದಿಲ್ಲ.

ನಮ್ಮಲ್ಲಿ ಹೊರಬಂದರು ಕಟ್ಟುವಾಗ್ಲೂ ಇದೇ ಆಯ್ತು. ಬಂದರು ನಮಗೆ ಬೇಕೇ ಬೇಕಿತ್ತು, ಕೇಳಿದ್ದು ನಾವೇ. ಆದ್ರೆ ಬ್ರೇಕ್ ವಾಟರ್ ಅರ್ಧ ಕೆಲಸ ಆಗಿ ನಿಂತಾಗ ಪಕ್ಕದ ದಡ ಕೊರೀಲಿಕ್ಕೆ ಶುರು. ಅರ್ಧ ಕೆಲಸ ಪೂರ್ತಿ ಕೆಲಸಕ್ಕಿಂತ ಕೆಟ್ಟದ್ದು. ಹಾಗಾಗಿ ದುಡ್ಡು ಎಷ್ಟು ವರ್ಷದಲ್ಲಿ ಬರ್ತದೆ, ಮಳೆಗಾಲಕ್ಕೆ ಮೊದಲು ಎಲ್ಲಿವರೆಗೆ ಮುಗಿಸ್ತೀರಿ ಅಂತ ಮೊದಲೇ ಕೇಳಿ ಬರೆಸಿಕೊಳ್ಳಿ. ಮತ್ತೆ ದೋಣಿ ದಾರಿ ಎಲ್ಲೆಲ್ಲಿ ಬಿಡ್ಬೇಕು ಅಂತ ಎಂಜಿನಿಯರ್ ನಕ್ಷೆ ಮಾಡುವ ಮೊದಲು ದೋಣಿಯವರನ್ನ ನಿಲ್ಲಿಸಿ ಗುರುತು ಹಾಕಿಸಿ. ನಕ್ಷೆ ಆದ ಮೇಲೆ ಯಾರೂ ಬದಲು ಮಾಡುದಿಲ್ಲ.

ಮೂಳೂರು_ನಿವಾಸಿ

ಎಲ್ಲರೂ ಚಂದ ಬರೆದಿದ್ದೀರಿ, ಆದ್ರೆ ನಾನೊಂದು ನೇರ ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ. ತೆರೆ ಮನೆಯ ಮೆಟ್ಟಿಲಿಗೆ ಹೊಡೀತಾ ಇರುವಾಗ ಇಡೀ ಕರಾವಳಿಯ ಪ್ಲಾನ್ ಮಾಡುವ ಅಂದ್ರೆ ಆ ಮನೆಯವರು ಎಲ್ಲಿ ಹೋಗ್ಬೇಕು? ನಮ್ಮ ಎದುರು ಕಲ್ಲು ಹಾಕಿದ್ದರಿಂದಲೇ ನಮ್ಮ ಮನೆ ಇವತ್ತಿಗೂ ನಿಂತಿದೆ. ಪಕ್ಕದವರಿಗೆ ತೊಂದರೆ ಆದ್ರೆ ಅವರಿಗೂ ಕಲ್ಲು ಹಾಕಿ. ಕಲ್ಲು ಬೇಡ ಅಂತ ಹೇಳುವವರಲ್ಲಿ ತುಂಬಾ ಜನ ಕಡಲಿನಿಂದ ದೂರ ಇರುವವರು.

ಸುರತ್ಕಲ್_ಸಿವಿಲ್

ಮೂಳೂರಿನವರೇ, ನಿಮ್ಮ ಮಾತು ತಳ್ಳಿಹಾಕೋ ಮಾತಲ್ಲ. ಮನೆ ಮೆಟ್ಟಿಲಿಗೆ ನೀರು ಬಂದ ಮೇಲೆ ಕಲ್ಲೇ ಬೇಕು, ಬೇರೆ ಯಾವುದೂ ಆ ತಿಂಗಳಲ್ಲಿ ಕೆಲಸ ಮಾಡಲ್ಲ. ನಾನು ಹೇಳೋದು ಕಲ್ಲು ಹಾಕೋದಾದ್ರೆ ಕಲ್ಲಿನ ಥರ ಹಾಕಿ ಅಂತ.

ಜುಲೈಯಲ್ಲಿ ಟಿಪ್ಪರ್‌ನಿಂದ ನೇರವಾಗಿ ಮರಳಿನ ಮೇಲೆ ಸುರಿದ ಕಲ್ಲು ನಿಲ್ಲಲ್ಲ. ಅಲೆ ಕಲ್ಲುಗಳ ಸಂದಿಯಿಂದ ಕೆಳಗಿನ ಮರಳನ್ನ ಹೀರ್ಕೊಂಡು ಹೊರಗೆ ಒಯ್ಯುತ್ತೆ, ಕಲ್ಲು ಆ ಗುಂಡಿಗೆ ಇಳಿಯುತ್ತೆ, ಸೋಮೇಶ್ವರದವರು ಹೇಳಿದ ಹಾಗೆ ಮಳೆಗಾಲ ಮುಗಿಯೋವಾಗ ಕಾಣೆ. ಸರಿಯಾದ ಗೋಡೆಗೆ ಕೆಳಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಬೇಕು, ಅದು ನೀರು ಬಿಡುತ್ತೆ ಮರಳು ಬಿಡಲ್ಲ. ಅದರ ಮೇಲೆ ಸಣ್ಣ ಕಲ್ಲು, ಅದರ ಮೇಲೆ ಮಧ್ಯಮ, ಹೊರಗಡೆ ದೊಡ್ಡ ಕಲ್ಲು, ಲೆಕ್ಕ ಹಾಕಿದ ತೂಕದ್ದು. ಇಳಿಜಾರು ಮಲಗಿರಬೇಕು, ಕಡಿದಾಗಿ ನಿಲ್ಲಿಸಬಾರದು. ಪಾದ ಮಾತ್ರ ಮಳೆಗಾಲದಲ್ಲಿ ಮರಳು ಎಷ್ಟು ಕೆಳಗೆ ಇಳಿಯುತ್ತೋ ಅದಕ್ಕಿಂತ ಕೆಳಗೆ ಹೋಗ್ಬೇಕು, ಬಹಳ ಗೋಡೆ ಸೋಲೋದು ಪಾದದಲ್ಲಿ. ಎರಡೂ ತುದಿಯನ್ನ ಒಮ್ಮೆಲೇ ಕತ್ತರಿಸಿ ನಿಲ್ಲಿಸದೆ ಒಳಕ್ಕೆ ಬಗ್ಗಿಸಿ ದಡಕ್ಕೆ ಸೇರಿಸಬೇಕು. ಇದೆಲ್ಲಾ ನವೆಂಬರ್‌ನಿಂದ ಏಪ್ರಿಲ್ ಒಳಗೆ ಮುಗಿಯೋ ಕೆಲಸ. ಮಳೆಗಾಲದಲ್ಲಿ ತುರ್ತು ಅಂತ ಸುರಿದ ಕಲ್ಲಿಗೆ ಎಷ್ಟು ಲೋಡ್ ಬಂತು ಅಂತ ಅಳೆಯೋದೂ ಕಷ್ಟ, ಸಮುದ್ರದಲ್ಲಿ ಮುಳುಗಿದ್ದನ್ನ ಆಮೇಲೆ ಎಣಿಸೋರು ಯಾರು? ಎಸ್ಟಿಮೇಟ್ ಮತ್ತು ಎಂ.ಬಿ. (ಕೆಲಸದ ಅಳತೆ ಪುಸ್ತಕ) ನಕಲು ಮಾಹಿತಿ ಹಕ್ಕಿನಲ್ಲಿ ಸಿಗುತ್ತೆ, ಕೇಳಿ.

ಇನ್ನು ಬೇರೆ ದಾರಿ ಬಗ್ಗೆ. ಪಾಂಡಿಚೇರಿ ನೋಡಿ. ಅಲ್ಲಿ 1989ರಲ್ಲಿ ಬಂದರಿನ ಬ್ರೇಕ್ ವಾಟರ್ ಕಟ್ಟಿದ ಮೇಲೆ ದಕ್ಷಿಣದಿಂದ ಉತ್ತರಕ್ಕೆ ಹರಿಯೋ ಮರಳು ಬಂದರಿನ ದಕ್ಷಿಣಕ್ಕೇ ನಿಂತುಬಿಡ್ತು, ಊರ ಎದುರಿನ ಬೀಚ್ ಪೂರ್ತಿ ಹೋಗಿ ಬರೀ ಕಲ್ಲು ಉಳೀತು, ಕಲ್ಲು ಉತ್ತರಕ್ಕೆ ಬೆಳೆದ ಹಾಗೆ ಕೊರೆತವೂ ಉತ್ತರದ ಮೀನುಗಾರರ ಊರುಗಳಿಗೆ ಜಾರ್ತಾ ಹೋಯ್ತು. ಆಮೇಲೆ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು 2018ರಲ್ಲಿ ನೀರಡಿಯಲ್ಲಿ ತ್ರಿಕೋನಾಕಾರದ ಒಂದು ದೊಡ್ಡ ರೀಫ್ ಮುಳುಗಿಸಿದ್ರು, ಹೂಳೆತ್ತಿದ ಮರಳನ್ನೂ ದಡಕ್ಕೆ ಹಾಕಿದ್ರು, ಪ್ರೊಮೆನೇಡ್ ಎದುರು ಮತ್ತೆ ಬೀಚ್ ಬಂತು. ಒಡಿಶಾದ ಪೆಂಥಾದಲ್ಲಿ ಮರಳು ತುಂಬಿದ ಜಿಯೋಟ್ಯೂಬ್‌ಗಳ ಗೋಡೆ ಇದೆ, 500 ಮೀಟರ್ ಚಿಲ್ಲರೆ, ಮೇಲೆ ಕಲ್ಲಿನ ಹೊದಿಕೆ.

ಪಾಂಡಿಚೇರಿ ನೋಡಿ ನಮಗೂ ಅದೇ ಡಿಸೈನ್ ಕೊಡಿ ಅಂತ ಮಾತ್ರ ಕೇಳ್ಬೇಡಿ. ಪೂರ್ವ ಕರಾವಳಿಯಲ್ಲಿ ಮರಳು ವರ್ಷಪೂರ್ತಿ ಲೆಕ್ಕ ಹಾಕಿದ್ರೆ ಒಂದೇ ದಿಕ್ಕಿಗೆ ಜಾಸ್ತಿ ಹೋಗುತ್ತೆ, ನಮ್ಮ ಕಡೆ ಮಳೆಗಾಲದಲ್ಲಿ ಒಂದು ದಿಕ್ಕು ಉಳಿದ ಕಾಲದಲ್ಲಿ ಇನ್ನೊಂದು ದಿಕ್ಕು. ಹಾಗಾಗಿ ಇಲ್ಲಿ ಅಡ್ಡಕಟ್ಟೆಯ ಎರಡೂ ಬದಿ ಏನಾಗುತ್ತೆ ಅಂತ ಅಲ್ಲೇ ಅಳೆದು ಲೆಕ್ಕ ಹಾಕ್ಬೇಕು.

ನಿಮ್ಮ ಜಾಗಕ್ಕೆ ನನಗೆ ಮೊದಲು ಹೊಳೆಯೋದು ಮರಳೇ. ಅಳಿವೆಗಳಲ್ಲಿ ಮರಳು ದಿಬ್ಬ ಆಗಿ ಬೋಟಿಗೆ ಅಡ್ಡ ಆಗುತ್ತೆ, ಅದನ್ನ ತೆಗೀತಾರೆ, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ವ್ಯಾಪ್ತಿಯಲ್ಲಿ ಅದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಏಳು ಜನರ ಸಮಿತಿ ಒಪ್ಪಿಗೆ ಕೊಡೋ ವ್ಯವಸ್ಥೆ ಕರಾವಳಿಯ ಮೂರೂ ಜಿಲ್ಲೆಯಲ್ಲಿ ಬಂದಿತ್ತು. ತೆಗೆದ ಮರಳು ಹೋಗ್ತಾ ಇದ್ದದ್ದು ಕಟ್ಟಡಕ್ಕೆ. ದಡಕ್ಕೆ ಸೇರಬೇಕಿದ್ದ ಮರಳು ಲಾರಿ ಹತ್ತಿ ಹೋದ್ರೆ ದಡ ಸಣ್ಣ ಆಗದೆ ಇನ್ನೇನಾಗುತ್ತೆ? ಮೇಲೆ ಹೊಳೆಗಳಲ್ಲೂ ಅಣೆಕಟ್ಟು, ಕಿಂಡಿ ಅಣೆಕಟ್ಟು, ಮರಳುಗಾರಿಕೆ. ಬಂದರಿನ ಬಾಯಲ್ಲಿ ಹೂಳೆತ್ತಿದ್ರಲ್ಲಿ ಒಳ್ಳೆ ಮರಳು ಎಷ್ಟಿದೆಯೋ ಅಷ್ಟನ್ನ ಪಡುಕೆರೆ ದಡಕ್ಕೆ ಹಾಕಿ ಅಂತ ಕೇಳಿ. ಬಂದರಿನ ಒಳಗಿನ ಕೆಸರು ಬೇಡ, ಅದರಲ್ಲಿ ಡೀಸೆಲ್ ಎಲ್ಲಾ ಇರುತ್ತೆ, ಕಾಳು ಸಣ್ಣದಿದ್ರೆ ಒಂದೇ ಮಳೆಗಾಲದಲ್ಲಿ ತೊಳೆದುಹೋಗುತ್ತೆ. ನಿಮ್ಮ ದಡದ ಮರಳಿನಷ್ಟೇ ದಪ್ಪ ಇಲ್ಲ ಇನ್ನೂ ಸ್ವಲ್ಪ ದಪ್ಪ ಇರಬೇಕು.

ಕೊಚ್ಚಿಯಲ್ಲಿರುವ_ಮಂಗಳೂರಿಗ

ನಾನು ಕೆಲಸದ ಮೇಲೆ ಕೊಚ್ಚಿಯಲ್ಲಿ ಇರುವುದು. ಇಲ್ಲಿ ಚೆಲ್ಲಾನಂ ಅಂತ ಒಂದು ಊರು, ನಿಮ್ಮ ಪಡುಕೆರೆಯ ಹಾಗೆಯೇ ಹಿಂದೆ ಹಿನ್ನೀರು ಎದುರು ಕಡಲು. ಮಳೆಗಾಲ ಬಂದ್ರೆ ಅಲ್ಲಿಯವರು ಶಾಲೆಯಲ್ಲಿ ಕ್ಯಾಂಪ್. ವರ್ಷಗಟ್ಟಲೆ ಉಪವಾಸ ಸತ್ಯಾಗ್ರಹ ಎಲ್ಲ ಮಾಡಿ ಕಡೆಗೆ 344 ಕೋಟಿಯ ಕೆಲಸ ಬಂತು, ಏಳು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದಕ್ಕೆ ಟೆಟ್ರಾಪಾಡ್ ಗೋಡೆ, ನಾಲ್ಕು ಕಾಲಿನ ಕಾಂಕ್ರೀಟ್ ತುಂಡುಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಲ್ತವೆ. ಗೋಡೆ ಆದ ತುಂಡಿನಲ್ಲಿ ಜನ ಈಗ ಮಳೆಗಾಲದಲ್ಲೂ ಮನೆಯಲ್ಲೇ ಮಲಗ್ತಾರೆ. ಗೋಡೆ ಮುಗಿದ ಕಡೆಯಿಂದ ಬಡಗಕ್ಕೆ ಕಣ್ಣಮಾಲಿ ಬದಿಯವರು ನಮಗೂ ಬೇಕು ಅಂತ ಹೋರಾಟಕ್ಕೆ ಕೂತರು, ಅಲ್ಲಿ ನೀರು ಒಳಗೆ ಬರುದು ಜೋರಾಯ್ತು. ಸುರತ್ಕಲ್ ಸರ್ ಹೇಳಿದ ತುದಿಯ ಸಮಸ್ಯೆ ಇದೇ ಅಂತ ಈಗ ಗೊತ್ತಾಯ್ತು.

ಇನ್ನೊಂದು ದಾರಿ ಯಾರೂ ಇಲ್ಲಿ ಎತ್ತಲಿಲ್ಲ, ಹಿಂದೆ ಸರಿಯುದು. ಕೇರಳದಲ್ಲಿ ಪುನರ್ಗೇಹಂ ಅಂತ ಒಂದು ಯೋಜನೆ ಉಂಟು, ಭರತ ರೇಖೆಯಿಂದ (ಉಬ್ಬರದ ನೀರು ಮುಟ್ಟುವ ಗೆರೆ) 50 ಮೀಟರ್ ಒಳಗೆ ಇರುವ ಮೀನುಗಾರರ ಮನೆಗೆ 10 ಲಕ್ಷ, ಅದರಲ್ಲಿ 6 ಲಕ್ಷ ಜಾಗಕ್ಕೆ, 4 ಲಕ್ಷ ಮನೆಗೆ. ಕೆಲವರಿಗೆ ಫ್ಲಾಟ್ ಕಟ್ಟಿ ಕೊಟ್ಟಿದ್ದಾರೆ. ತುಂಬಾ ಜನ ಹೋಗಲಿಲ್ಲ, ಯಾಕಂದ್ರೆ ಆ ದುಡ್ಡಿಗೆ ಕಡಲ ಹತ್ರ ಜಾಗ ಸಿಗುದಿಲ್ಲ, ದೂರ ಹೋದ್ರೆ ಕಸುಬು ಕಷ್ಟ. ಒಡಿಶಾದಲ್ಲೂ ಸಾತಭಾಯಾ ಅನ್ನುವ ಊರನ್ನೇ ಕಡಲು ತಿಂದು 571 ಕುಟುಂಬಗಳನ್ನ ಬಾಗಪಾಟಿಯಾಕ್ಕೆ ಒಯ್ದರು. ಕೇಂದ್ರದ 15ನೇ ಹಣಕಾಸು ಆಯೋಗ 2021ರಿಂದ 26ರ ಅವಧಿಗೆ ಕೊರೆತ ತಡೆಯಲಿಕ್ಕೆ 1500 ಕೋಟಿ, ಕೊರೆತದಿಂದ ಜಾಗ ಹೋದವರ ಪುನರ್ವಸತಿಗೆ 1000 ಕೋಟಿ ಅಂತ ಬೇರೆಯೇ ಇಟ್ಟಿತ್ತು, ಹೊಳೆ ಕೊರೆತಕ್ಕೂ ಸೇರಿಸಿ ಇಡೀ ದೇಶಕ್ಕೆ. ಅಂದ್ರೆ ಮನೆ ಹೋದವರಿಗೆ ಜಾಗ ಕೊಡುದು ಸರಕಾರದ ದಯೆ ಅಲ್ಲ, ಅದಕ್ಕೊಂದು ಲೆಕ್ಕದ ಶೀರ್ಷಿಕೆಯೇ ಇತ್ತು. ನಿಮ್ಮ ಅರ್ಜಿಯಲ್ಲಿ ಇದನ್ನೂ ಸೇರಿಸಿ, ಹೋಗ್ಲೇಬೇಕಾದ ಮನೆಗಳಿಗೆ ಅದೇ ಗ್ರಾಮದಲ್ಲಿ ಜಾಗ ಅಂತ ಬರೀರಿ.

ಕಡಲಬದಿ_ಉದ್ಯಾವರ

ಎಲ್ಲರಿಗೂ ಕೈಮುಗಿತೇನೆ. ಸೋಮೇಶ್ವರದ ಅಕ್ಕ, ನಿಮ್ಮ ಅತ್ತೆ ಮನೆಯ ವಿಷಯ ಓದಿ ಬೇಜಾರಾಯ್ತು. ನಿನ್ನೆ ಇದನ್ನೆಲ್ಲ ಅಪ್ಪನಿಗೂ ಎರಡು ಮನೆಯವರಿಗೂ ಓದಿ ಹೇಳಿದೆ. ನಮ್ಮ ತುಂಡಿನಲ್ಲಿ ಎಲ್ಲ ಕಡೆ ಒಂದೇ ಥರ ಇಲ್ಲ, ನಾಲ್ಕೈದು ಮನೆ ಎದುರು ಜಾಗವೇ ಇಲ್ಲ, ಆದ್ರೆ ತೆಂಕು ಬದಿಯಲ್ಲಿ ದಿಣ್ಣೆ ಇನ್ನೂ ಉಂಟು. ಅಲ್ಲಿ ಪುನಃ ಗಾಳಿಮರ ನೆಟ್ರೆ ಸಾಕಾ? ಅರಣ್ಯ ಇಲಾಖೆಯವರ ಹತ್ರ ಗಿಡ ಸಿಗ್ತದಂತೆ.

ಕುಮಟಾ_ಮೇಷ್ಟ್ರು

ಶಾಲೆ ಮಕ್ಕಳ ಜೊತೆ ಈ ಕೆಲಸ ಮಾಡ್ತಾ ಇರೋದ್ರಿಂದ ಇದಕ್ಕೆ ನಾನು ಉತ್ತರಿಸ್ತೆ.

ಗಾಳಿಮರ ಗಾಳಿಗೆ ಒಳ್ಳೇದು, ಮನೆಗೆ ಮರಳು ಹಾರಿ ಬರೋದು ತಡೀತದೆ. ಆದರೆ ಅಲೆ ಬಂದು ದಿಣ್ಣೆಯ ಬುಡ ಕೊರೆದರೆ ಮರ ಬುಡಸಮೇತ ಮಗುಚ್ತದೆ, ನೀವೇ ನೋಡಿದ್ದೀರಿ. ಅದರ ಕಸ ದಪ್ಪಗೆ ಬಿದ್ದ ಕಡೆ ಬೇರೆ ಬಳ್ಳಿ ಏಳೋದಿಲ್ಲ. ಅದನ್ನ ಹಿಂದಿನ ಸಾಲಿಗೆ ಇಡಿ. ಎದುರಿನ ಸಾಲಿಗೆ ಬೇಕಾದ್ದು ಮರಳಿನ ಮೇಲೇ ಹಬ್ಬೋ ಜಾತಿ. ಆಡಿನ ಗೊರಸಿನ ಥರ ಎಲೆ, ನೇರಳೆ ಹೂವು ಬಿಡೋ ಬಳ್ಳಿ ಇದೆಯಲ್ಲ ಅದು, ಮತ್ತೆ ಮುಳ್ಳುಮುಳ್ಳಾಗಿ ಉಂಡೆ ಉರುಳೋ ಹುಲ್ಲು, ಕೆಲವು ಕಡೆ ರಾವಣನ ಮೀಸೆ ಅಂತಾರೆ. ಇವುಗಳ ಮೇಲೆ ಮರಳು ಬಿದ್ದಷ್ಟೂ ಇವು ಮೇಲೆ ಬರ್ತವೆ, ಹಾಗಾಗಿ ದಿಣ್ಣೆ ಬೆಳೀತದೆ. ಅದರ ಹಿಂದೆ ಕೇದಗೆ, ಅದರ ಹಿಂದೆ ಹೊನ್ನೆ. ಹೊಳೆ ಬದಿಗೆ ಕಾಂಡ್ಲಾ (ಮ್ಯಾಂಗ್ರೋವ್), ಆ ಕಡೆಯ ದಂಡೆ ಕುಸಿದರೂ ನಿಮ್ಮ ಪಟ್ಟಿ ಸಣ್ಣ ಆಗೋದೇ ಅಲ್ವಾ, ಅದನ್ನ ಎಲ್ಲರೂ ಮರೀತಾರೆ.

ಖರ್ಚಿಲ್ಲದೆ ಶುರು ಮಾಡೋದು ಹೇಗೆ ಅಂದರೆ, ಮಳೆ ಮುಗಿದ ಮೇಲೆ ತೆಂಗಿನ ಮಡಲಿನ ತಟ್ಟಿ ಮೊಣಕಾಲಿಂದ ಸೊಂಟದ ಎತ್ತರಕ್ಕೆ ದಿಣ್ಣೆಯ ಎದುರು ಸಾಲಾಗಿ ನಿಲ್ಲಿಸಿ, ಸಂದಿ ಇರಲಿ, ಗಾಳಿ ದಾಟಬೇಕು. ಬೇಸಿಗೆಯ ಕಡಲ ಗಾಳಿ ಮರಳು ತಂದು ಅದರ ಬುಡದಲ್ಲಿ ಬೀಳಿಸ್ತದೆ. ತಟ್ಟಿ ಮುಚ್ಚಿದರೆ ಅದರ ಮೇಲೆ ಇನ್ನೊಂದು. ಮೊದಲ ಮಳೆ ಬಿದ್ದಾಗ ಬಳ್ಳಿಯ ತುಂಡು ಹುಗೀರಿ. ಜೀಪು ಬೈಕು ದಿಣ್ಣೆ ಹತ್ತೋದನ್ನ ನಿಲ್ಲಿಸದಿದ್ದರೆ ಯಾವುದೂ ಉಳಿಯೋದಿಲ್ಲ. ದೋಣಿ ದಾರಿಯನ್ನ ಕಡಲಿಗೆ ನೇರ ಬಿಡದೆ ಸ್ವಲ್ಪ ಓರೆಯಾಗಿ ಬಿಡಿ, ನೇರ ಇದ್ದರೆ ಅದೇ ದಾರಿಯಲ್ಲಿ ನೀರು ನುಗ್ತದೆ.

ದಿಣ್ಣೆ ಉಳಿದರೆ ಆಮೆಗೂ ಜಾಗ. ಹೊನ್ನಾವರ ಕಾಸರಕೋಡು ಟೊಂಕದ ಮೀನುಗಾರರು ಕಡಲಾಮೆ ಮೊಟ್ಟೆಗಳನ್ನ ಕಾಯ್ತಾರೆ, ಕಲ್ಲು ಬಿದ್ದ ಕಡೆ ಆಮೆ ಹತ್ತೋದು ಹೇಗೆ? ಹಾಗಂತ ಬಳ್ಳಿ ನೆಟ್ಟರೆ ತೌಕ್ತೆಯಂಥದ್ದು ಬಂದಾಗ ಏನೂ ಆಗೋದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದಿಣ್ಣೆ ಆವತ್ತು ಕರಗ್ತದೆ, ಕರಗಿ ಮನೆ ಬದಲು ತಾನು ಹೋಗ್ತದೆ, ಆಮೇಲೆ ಮತ್ತೆ ಕಟ್ಟಬೇಕು. ಅದಕ್ಕೆ ಹಿಂದೆ ಜಾಗ ಬೇಕು.

ಮೂಳೂರು_ನಿವಾಸಿ

ಮೇಷ್ಟ್ರೇ, ಇದು ಸರಿ. ಜಾಗ ಇದ್ದ ಕಡೆ ಬಳ್ಳಿ, ಇಲ್ಲದ ಕಡೆ ಕಲ್ಲು ಅಂದ್ರೆ ನನಗೆ ತಕರಾರು ಇಲ್ಲ. ನಮ್ಮ ಕಲ್ಲಿನ ತುದಿಯಿಂದ ತೆಂಕಕ್ಕೆ ಕೆಲವು ಮನೆ ಎದುರು ದಿಣ್ಣೆ ಈಗಲೂ ಉಂಟು, ಅಲ್ಲಿ ಹುಡುಗರು ಸಂಜೆ ಜೀಪು ಓಡಿಸ್ತಾರೆ. ಅದನ್ನ ಮೊದಲು ನಿಲ್ಲಿಸ್ಬೇಕು.

ಸುರತ್ಕಲ್_ಸಿವಿಲ್

ಹಾಗಿದ್ರೆ ನಿಮ್ಮ ಅರ್ಜಿ ಹೆಚ್ಚುಕಮ್ಮಿ ಸಿದ್ಧ ಆಯ್ತು ಅನ್ಸುತ್ತೆ. ಜಾಗ ಇಲ್ಲದ ಆ ನಾಲ್ಕೈದು ಮನೆಗಳಿಗೆ ಪಾದ ಸಮೇತ ಸರಿಯಾಗಿ ಕಟ್ಟಿದ ಗೋಡೆ, ಅದರ ಎರಡೂ ತುದಿಗೆ ಮರಳು ತುಂಬಿಸೋದು, ತೆಂಕು ಬದಿಗೆ ದಿಣ್ಣೆ ಕಾಯೋ ಕೆಲಸ, ದೋಣಿಗೆ ಕೈರಂಪಣಿಗೆ ಗುರುತು ಮಾಡಿದ ಜಾಗ ಕಲ್ಲಿಲ್ಲದೆ ಬಿಡೋದು, ಅಳಿವೆಯಿಂದ ತೆಗೆದ ಮರಳು ಮೊದಲು ನಮ್ಮ ದಡಕ್ಕೆ ಅನ್ನೋದು. ಜೊತೆಗೆ ಕೆಲಸ ಮುಗಿದ ಮೇಲೆ ಕನಿಷ್ಠ ಐದು ವರ್ಷ ಪ್ರತಿ ಮಾರ್ಚ್ ಮತ್ತು ಪ್ರತಿ ಸೆಪ್ಟೆಂಬರ್ ದಡ ಅಳೆದು ಪಂಚಾಯ್ತಿಗೆ ವರದಿ ಕೊಡಬೇಕು, ನಿರ್ವಹಣೆಗೆ ಬೇರೆ ಹಣ ಇಡಬೇಕು ಅಂತ ಬರೆಸಿ. ನಿರ್ವಹಣೆ ಅನ್ನೋ ಸಾಲು ಇಲ್ಲದ ಎಸ್ಟಿಮೇಟ್‌ಗೆ ಒಪ್ಪಬೇಡಿ. ಕೊರೆತ ತಡೆ ಕೆಲಸಕ್ಕೂ ಸಿಆರ್‌ಝಡ್ ಒಪ್ಪಿಗೆ ಬೇಕು, ಅದರ ಪ್ರತಿ ಕೇಳಿ, ಅದರಲ್ಲಿ ಹಾಕಿರೋ ಷರತ್ತುಗಳು ಆಮೇಲೆ ನಿಮಗೆ ಉಪಯೋಗಕ್ಕೆ ಬರ್ತವೆ.

ನೀವೂ ಅಳೀಬಹುದು. ಆಸ್ಟ್ರೇಲಿಯಾದಲ್ಲಿ 2017ರಲ್ಲಿ ಕೋಸ್ಟ್‌ಸ್ನ್ಯಾಪ್ ಅಂತ ಶುರು ಮಾಡಿದ್ರು, ಬೀಚಲ್ಲಿ ಒಂದು ಕಂಬಕ್ಕೆ ಮೊಬೈಲ್ ಇಡೋ ಸ್ಟ್ಯಾಂಡ್, ಯಾರು ಬಂದ್ರೂ ಅದೇ ಕೋನದಿಂದ ಫೋಟೋ. ನಿಮ್ಮಲ್ಲಿ ಭಜನಾ ಮಂದಿರದ ಮೂಲೆ, ಇನ್ನೊಂದು ತೆಂಕು ಬದಿಯಲ್ಲಿ ಯಾವುದಾದ್ರೂ ಕದಲದ ಗುರುತು, ಎರಡು ಜಾಗ ಸಾಕು, ತಿಂಗಳಿಗೊಮ್ಮೆ, ಇಳಿತದ ಸಮಯ ನೋಡ್ಕೊಂಡು. ಮಂದಿರದ ಆ ಮೂಲೆಯಿಂದ ದಿಣ್ಣೆ ಅಂಚಿನ ತನಕ ಟೇಪ್ ಹಿಡಿದು ಅಳತೆ, ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡಿ. ಸಭೆಯಲ್ಲಿ ಅಧಿಕಾರಿಗಳ ಎದುರು ಆ ಪುಸ್ತಕ ತೆರೆದ್ರೆ ಮಾತಿನ ರೀತಿಯೇ ಬೇರೆ ಆಗುತ್ತೆ.

ಮರವಂತೆ_ದೋಣಿ

ಮಾಹಿತಿಗೆ ಒಂದು ಮಾತು, ದೋಣಿ ಜಾಗ ಗುರುತು ಹಾಕುವಾಗ ಬೇಸಿಗೆಯಲ್ಲಿ ದೋಣಿ ಹತ್ತಿಸುವ ಜಾಗ ಮತ್ತೆ ಮಳೆಗಾಲದ ನಾಡದೋಣಿ ಸೀಸನ್‌ನಲ್ಲಿ ಹತ್ತಿಸುವ ಜಾಗ ಬೇರೆ ಬೇರೆ ಇರ್ತದೆ. ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ಬೋಟಿಗೆ ನಿಷೇಧ ಇರುವಾಗ ನಮಗೆ ದುಡಿಮೆ, ಆಗಲೇ ತೆರೆಯೂ ಜೋರು. ಎರಡನ್ನೂ ಗುರುತು ಹಾಕಿ, ಒಂದೇ ಹಾಕಿದ್ರೆ ಆಮೇಲೆ ಕಷ್ಟ.

ಕಡಲಬದಿ_ಉದ್ಯಾವರ

ಆಯ್ತು ಅಣ್ಣ, ಇದು ನಮಗೆ ಹೊಳೆದೇ ಇರಲಿಲ್ಲ. ಮಟ್ಟು ಮತ್ತೆ ಮಲ್ಪೆ ಪಡುಕೆರೆಯವರ ಹತ್ರ ಮಾತಾಡ್ಲಿಕ್ಕೆ ಆದಿತ್ಯವಾರ ಹೋಗ್ತಿದ್ದೇವೆ, ಕೈರಂಪಣಿಯ ಇಬ್ಬರು ಹಿರಿಯರೂ ಬರ್ತಾರೆ. ಇಲಾಖೆಯ ನಕ್ಷೆ ಸಿಕ್ಕಿದ್ರೆ ಇಲ್ಲಿ ಹಾಕ್ತೇನೆ, ಪಾದ ಎಷ್ಟು ಆಳ ತೋರಿಸಿದ್ದಾರೆ ಅಂತ ಸರ್ ಒಮ್ಮೆ ನೋಡಿ ಹೇಳಿ.